ಒತ್ತಿ ಹೇಳ್ರಿ, ಯುನೂಸ!

"ಹಂಗಲ್ಲರೀ!"

ರೊಟ್ಟಿ ಬಡಿಯುತ್ತಲೇ ಅಲ್ಮಾಸ ಗದರಿದಳು. ಎದುರು ಕುಳಿತಿದ್ದ ಇಂಡಿ ಊರಿನ ನಿಂಬೆ ವ್ಯಾಪಾರಿ ಯುನೂಸ ಬೆಚ್ಚಿದ. ಪಾಠದ ಮೊದಲ ದಿನವೇ ಇಷ್ಟು ಜೋರೇ! ಒಲೆಯ ಬಳಿ ಅವಳ ತಾಯಿ ಜೈತುನಬಿ ನಗು ತಡೆದುಕೊಂಡಳು.

ಅಲ್ಮಾಸ ಮೊಬೈಲಿನಲ್ಲಿ ಸ್ಪ್ಯಾನಿಷ್ ಕಲಿಸುವವಳು. ಸ್ಪೇನಿನ ಗಿರಾಕಿಯೊಂದಿಗೆ ತಾನೇ ಮಾತಾಡಬೇಕೆಂಬ ಹಟದಿಂದ ಯುನೂಸ ಅವಳ ಮನೆಗೇ ಬಂದಿದ್ದ.

"'ಸಿಕ್ಕಿದ್ರ ಕೊಳ್ತಿದ್ದೆ' ಅನ್ನೂದಕ್ಕ 'ಕೊಂಪ್ರರೀಆ'. ತುಂಡು ಮಾಡ್ರಿ. ಕೊಂ... ಪ್ರ... ರೀ... ಆ. ರೀ ಮ್ಯಾಲ ಒತ್ತು!"

ಕೊಂ, ಪ್ರ ಎನ್ನುವಾಗ ಹಗುರವಾಗಿ ತಟ್ಟಿದ ಅಂಗೈ, ರೀ ಬಂದಾಗ ಹಿಟ್ಟಿನ ಮೇಲೆ ಜೋರಾಗಿ ಬಿತ್ತು. 'ಆ' ಬಂದಾಗ ಮತ್ತೆ ಹಗುರ.

"ಒತ್ತಲಿಲ್ಲಂದ್ರ?"

"ನಿಮ್ಮ ಆಸೆ ಯಾರಿಗೂ ಕೇಳಸೂದಿಲ್ರಿ."

ಹಿಟ್ಟು ಮೆತ್ತಿದ ಆ ಕೈಯನ್ನೇ ನೋಡುತ್ತ ಯುನೂಸ ಪಾಠ ಮರೆತ. ಅದು ಅವಳಿಗೂ ತಿಳಿಯಿತು... ಒಳಗೊಳಗೇ ಖುಷಿಯಾಯಿತು!

ನಿಂಬೆಯ ಸುಗ್ಗಿ ಮುಗಿಯುವಷ್ಟರಲ್ಲಿ ಮನಸ್ಸು ಕೂಡಿತ್ತು. ಬಾಯಿ ಬಿಟ್ಟು ಮಾತ್ರ ಯಾರೂ ಹೇಳಲಿಲ್ಲ. ಅಷ್ಟರಲ್ಲಿ ಅಲ್ಮಾಸಳಿಗೆ ತಾಳಿಕೋಟೆಯಿಂದ ಸಂಬಂಧ ಬಂತು.

ಅಲ್ಮಾಸ ನೆಟ್ಟಗೆ ನಿಂಬೆ ಬಜಾರಿಗೇ ಹೋದಳು.

"ನಾಳೆ ಅಮ್ಮಿ ಅವರಿಗೆ ಹೂಂ ಅಂತಾಳ. ನೀವೇನ್ ಅಂತೀರಿ?"

ಸುತ್ತ ಜನವೋ ಜನ. ಯುನೂಸ ಒಮ್ಮೆ ಅತ್ತಿತ್ತ ನೋಡಿದ. ಹೆಗಲ ಮೇಲಿನ ಟವೆಲ್ ತೆಗೆದು ಕೈಗೆ ಹೊದಿಸಿ, ಆ ಕೈಯನ್ನು ಅವಳ ಮುಂದೆ ಚಾಚಿದ.

'ಕಣ್ಣೊರೆಸ್ಕೋ ಅಂತ ಟವೆಲ್ ಕೊಡ್ತಾನಾ? ಛೇ!' ಅಲ್ಮಾಸ ಅಳುತ್ತ ಮನೆಗೆ ಬಂದಳು.

ವಿಷಯ ಕೇಳಿದ ಜೈತುನಬಿ ಬಿದ್ದು ಬಿದ್ದು ನಕ್ಕಳು.

"ಹುಚ್ಚಿ! ಪುಸ್ತಕದಾಗ ಮಾರಿ ಇಟ್ಟು ಬೆಳದಾಕಿಗೆ ಬಜಾರ ಹೆಂಗ ಗೊತ್ತಾಗಬೇಕು? ಅಲ್ಲಿ ಟವೆಲ್ ಒಳಗ ಕೈ ಹಿಡದು, ಬೆರಳು ಒತ್ತೇ ವ್ಯಾಪಾರ ಕುದುರಸ್ತಾರ. ನಾಲ್ಕು ಮಂದ್ಯಾಗ ಬಾಯಿಲೆ ಹೇಳಾಕ ಆಗದ್ದನ್ನ ಹಂಗ ಹೇಳತಾರ. ಅಂವ ನಿನ್ನನ್ನs ಕೇಳ್ಯಾನವ್ವ!"

"ತಾಳಿಕೋಟೆಯವರು...?"

"ಅವರಿಗೆ ನಾ ಹೇಳತೇನಿ. ನೀ ಓಡು!"

ಯುನೂಸ ನಿಂಬೆ ಚೀಲಗಳ ನಡುವೆ ಮುಖ ಬಾಡಿಸಿಕೊಂಡು ಕುಳಿತಿದ್ದ. ಅಲ್ಮಾಸ ಕೈ ಚಾಚಿದಳು.

"ಟವೆಲ್ ಹಾಕ್ರಿ."

ಟವೆಲಿನ ಕೆಳಗೆ ಅವನ ಬೆರಳುಗಳು ಅವಳ ಕೈಯನ್ನು ಒತ್ತಿದವು. ಅವಳ ಜೀವ ತಂಪಾಯಿತು.

"ಕೈಗೆ ತಿಳೀತು. ಕಿವಿಗೂ ಕೇಳಬೇಕಲ್ಲ?"

"ನೀವು ಹೂಂ ಅಂದ್ರ... ಮೆ ಕಾ... ಸಾ... ರೀ... ಆ."

ಒತ್ತು ರೀ ಮೇಲೆ ಸರಿಯಾಗಿ ಬಿದ್ದಿತ್ತು! ಅಲ್ಮಾಸಳ ಕೆನ್ನೆ ಕೆಂಪಾಯಿತು.

"ಕನ್ನಡದಾಗ?"

ಯುನೂಸ ಟವೆಲ್ ಕಿತ್ತು ಹೆಗಲಿಗೆಸೆದ. ಹಿಡಿದ ಕೈ ಮಾತ್ರ ಬಿಡಲಿಲ್ಲ. ಇಡೀ ಬಜಾರಿಗೆ ಕೇಳುವಂತೆ ಕೂಗಿದ.

"ಅಲ್ಮಾಸ, ನನ್ನ ಲಗ್ನ ಆಗ್ತಿಯೇನ?"

"ಆಗ್ತೇನ್ರಿ... ಇಷ್ಟು ಒತ್ತಿ ಹೇಳಬೇಕಿತ್ತೇನು!"

"ಕಲಿಸಿದಾಕಿ ನೀನs ಅಲ್ಲ?"