ನಾಲ್ಕನೆಯ ಮೂಲೆಯ ಹೂವು

ಕೌದಿ ಹೊಲಿಯಲು ಅವ್ವ ಗಂಟು ಬಿಚ್ಚಿದಾಗ ಹಳೆಯ ಸೀರೆಗಳಿಂದ ಬರುತ್ತಿದ್ದ ಒಲೆಹೊಗೆಯ ವಾಸನೆ ನನಗೆ ಇಂದಿಗೂ ನೆನಪಿದೆ. ಹೋದ ವರ್ಷ ಹಳಿಯಾಳದ ಹತ್ತಿರದ ಹಳ್ಳಿಗೆ, ನನ್ನ ಹಳೆಯ ವಿದ್ಯಾರ್ಥಿ ಜೇಮ್ಸನನ್ನು ನೋಡಲು ಹೋದಾಗ, ಅದೇ ವಾಸನೆ ಬಾಗಿಲಲ್ಲೇ ಎದುರಾಯಿತು. ಆದರೆ ಈ ವಾಸನೆ ಒದ್ದೆಯಾಗಿತ್ತು.

ಮಟಮಟ ಮಧ್ಯಾಹ್ನ ಅವನು ಕೌದಿ ಹೊದ್ದು ನಡುಗುತ್ತಿದ್ದ. ತಮ್ಮಿಬ್ಬರ ಮದುವೆಗೆಂದು ಅದನ್ನು ಹೊಲಿಯುತ್ತಿದ್ದವಳು ಅವನು ಮೊದಲು ಪ್ರೀತಿಸಿದ್ದ ಸಿಲ್ವಿಯಾ. ಅವನು ಜೆಸ್ಸಿಕಾಳನ್ನು ಮದುವೆಯಾದ ದಿನ ಸಿಲ್ವಿಯಾ ಬಾವಿಗೆ ಹಾರಿ ಸತ್ತಳು. ಇವರ ಸಿದ್ದಿ ಸಮುದಾಯದಲ್ಲಿ ಕೌದಿ ನಾಲ್ಕು ಮೂಲೆಗೂ ಬಟ್ಟೆಯ ಹೂವಿಡದೆ ಮುಗಿಯುವುದಿಲ್ಲ. ಅವಳು ಮೂರೇ ಇಟ್ಟಿದ್ದಳು.

ಈಗ ನಾಲ್ಕನೆಯದು ಅರ್ಧ ಮೂಡಿತ್ತು. ಅದರ ಬಟ್ಟೆ ಜೇಮ್ಸ್ ತೊಟ್ಟಿದ್ದ ಅಂಗಿಯ ಹರಿದ ತೋಳಿನದು.

“ದಿನಾ ಬಿಚ್ತೇನ್ರಿ ಅಕ್ಕೋರ,” ಎಂದಳು ಜೆಸ್ಸಿಕಾ. “ತಿರುಗಿ ನೋಡೂದ್ರಾಗ ಮತ್ತ ಹೊಲದಿರ್ತೈತಿ. ಕೌದಿ ಮುಗಿದ ದಿನ ಬಂದು ನಿನ್ನ ಕೂಡ ಇರ್ತೇನಿ ಅಂತ ಇವ್ರು ಆಕೀಗೆ ಮಾತು ಕೊಟ್ಟಿದ್ರಂತ.”

“ಆಕಿ ಹೊಲಿಗಿ ನಿನಗಿಂತ ಚಲೋ ಐತಿ,” ಎಂದು ಜೇಮ್ಸ್ ನಕ್ಕ.

ದಾರ ಎಳೆಯುವ ಸದ್ದು ನನಗೂ ಕೇಳಿಸಿತು. ನಮ್ಮ ಯಾರ ಕೈಯಲ್ಲೂ ಸೂಜಿ ಇರಲಿಲ್ಲ.

ಜೆಸ್ಸಿಕಾ ಒಳಗಿನಿಂದ ಅನ್ನ ಸಾರು ಬಡಿಸಿಕೊಂಡು ಬಂದಳು. ತಟ್ಟೆಯನ್ನು ಗಂಡನ ಪಕ್ಕದ ಖಾಲಿ ಜಾಗಕ್ಕೆ ಚಾಚಿ, “ಮೊದ್ಲ ಉಣ್ಣ ಸಿಲ್ವಿಯಾ, ಕೆಲಸ ಆಮ್ಯಾಲ ಮಾಡೀಯಂತ,” ಎಂದು ಮೆಲ್ಲಗೆ ತಟ್ಟೆಯಿಂದ ಕೈ ತೆಗೆದಳು.

ದಾರದ ಸದ್ದು ನಿಂತಿತು. ತಟ್ಟೆ ನೆಲಕ್ಕೆ ಬಿದ್ದ ಸದ್ದು ಬರಲೇ ಇಲ್ಲ.