ಚೀಟಿ ಮಾಮನ ಅದಲುಬದಲು

ಕುರ್ಚಿ ಕೊಟ್ಟದ್ದೇ ಅವನಿಗೆ ನುಂಗಲಾರದ ತುತ್ತಾಯಿತು. ಮೆತ್ತನೆಯ ದಿಂಬಿದ್ದ, ಒರಗಿದರೆ ಹಿಂದಕ್ಕೆ ಬಾಗುವ ಗಾಲಿ ಕುರ್ಚಿ. ಅಕ್ಕನ ಲಾಂಡ್ರಿಯಲ್ಲಿ ಅವನು ಇಷ್ಟು ವರ್ಷ ನಿಂತೇ ದುಡಿದವನು. ಬಟ್ಟೆ ಕೊಡಲು ಬಂದವರನ್ನು ಮಾತಾಡಿಸಿ, ಗಂಟು ಬಿಚ್ಚಿ, ಕಲೆ ಯಾವುದರದ್ದೆಂದು ಕೇಳಿ, ಚೀಟಿ ಬರೆದು ಕಾಲರಿಗೆ ಪಿನ್ ಚುಚ್ಚುವುದು ಅವನ ಕೆಲಸ. ಹಾಗಾಗಿ ಬೀದಿಗೆಲ್ಲ ಅವನು ಚೀಟಿ ಮಾಮ. ಒಗೆದ ಬಟ್ಟೆ ವಿಳಾಸ ತಪ್ಪದೆ ಮನೆ ಮುಟ್ಟುವುದೂ ಅವನ ಜವಾಬ್ದಾರಿಯಾಗಿತ್ತು. ಈಗ ಅಕ್ಕನ ಮಗಳು ಎಐ ಎಂಬುದನ್ನು ತಂದು ಕೌಂಟರಿನ ಮೇಲೆ ಕೂರಿಸಿದ್ದಳು, ಮಾಮನನ್ನು ಕುರ್ಚಿಯ ಮೇಲೆ ಕೂರಿಸಿದ್ದಳು.

ಹುಡುಗಿ ಕೆಟ್ಟವಳಲ್ಲ. ಅದೇ ತೊಂದರೆ. ಕೆಟ್ಟವಳಾಗಿದ್ದರೆ ಬೈದುಕೊಂಡಾದರೂ ಇರಬಹುದಿತ್ತು. ಅವಳನ್ನು ಹೆಗಲ ಮೇಲೆ ಹೊತ್ತು ತಿರುಗಿಸಿದವನು ಇವನೇ. ಲಾಂಡ್ರಿ ಕುಂಟುತ್ತಿದೆ, ದೊಡ್ಡ ಅಂಗಡಿಗಳವರು ಗಿರಾಕಿಗಳನ್ನು ಎಳೆದುಕೊಳ್ಳುತ್ತಿದ್ದಾರೆ, ಹೀಗೇ ಬಿಟ್ಟರೆ ಬಾಗಿಲು ಹಾಕಬೇಕಾಗುತ್ತದೆ ಎಂದು ಅವಳು ಅಮ್ಮನ ಹಿಂದೆ ಬಿದ್ದು ಒಪ್ಪಿಸಿದ್ದಳು. ಇದು ಕೈಕೊಟ್ಟರೆ ಇನ್ನು ಅಂಗಡಿಯ ವಿಷಯಕ್ಕೆ ತಲೆ ಹಾಕುವುದಿಲ್ಲ ಎಂದು ಮಾತನ್ನೂ ಕೊಟ್ಟಿದ್ದಳು. ಕುರ್ಚಿಯನ್ನು ಅವಳೇ ಒರೆಸಿಟ್ಟು, "ಮಾಮ, ನೀನು ನಿಂತು ನಿಂತು ಕಾಲು ಊದಿಸ್ಕೊಂಡಿದ್ದು ಸಾಕು. ಇನ್ಮೇಲೆ ಆರಾಮಾಗಿ ಕೂತ್ಕೊ," ಅಂದಿದ್ದಳು.

ಆರಾಮಾಗಿ ಕೂತುಕೊಂಡವನ ಕಣ್ಣೆದುರೇ ಅವನ ಕೆಲಸ ಒಂದೊಂದಾಗಿ ಕೈಬಿಟ್ಟು ಹೋಯಿತು. ಕೌಂಟರಿನ ಮೇಲಿನ ಕ್ಯಾಮೆರಾ ಬಟ್ಟೆ ನೋಡಿ ಇದು ಅಂಗಿ, ಇದು ಪರದೆ, ಇದು ಉಣ್ಣೆಯ ಕೋಟು ಎಂದು ಗುರುತಿಸುತ್ತಿತ್ತು. ಪಕ್ಕದ ಪ್ರಿಂಟರ್ ಅಂಟು ಚೀಟಿಯನ್ನು ನಾಲಿಗೆಯಂತೆ ಹೊರಗೆ ಚಾಚುತ್ತಿತ್ತು. ಫೋನ್ ಬಂದರೆ ಎಐ ತಾನೇ ಎತ್ತಿ, ಜೇನಿನಂಥ ದನಿಯಲ್ಲಿ ಮಾತಾಡಿ, ಬಟ್ಟೆ ಯಾವಾಗ ಬರುತ್ತದೆಂದು ಹೇಳುತ್ತಿತ್ತು. ಬಟ್ಟೆ ಸಿದ್ಧವಾದ ಕೂಡಲೇ ಮನೆಯವರ ಫೋನಿಗೆ ಮೆಸೇಜ್ ಹಾಕುತ್ತಿತ್ತು. ಗಿರಾಕಿಗಳು ಇವನ ಕಡೆ ನೋಡಿ ನಕ್ಕು, ಮಾಮನಿಗೆ ಪ್ರಮೋಷನ್ ಆಯ್ತು ಎಂದು ತಮಾಷೆ ಮಾಡಿದರು. ಇವನೂ ಹುಳ್ಳಗೆ ನಕ್ಕ. ನಗುತ್ತಿದ್ದಾಗ ಕೈ ಎಲ್ಲಿಡಬೇಕೆಂದೇ ಅವನಿಗೆ ತಿಳಿಯುತ್ತಿರಲಿಲ್ಲ.

ಕುರ್ಚಿಯಲ್ಲಿ ಕೂತವನಿಗೆ ಯೋಚಿಸಲು ಬೇಕಾದಷ್ಟು ಹೊತ್ತು. ಮಷಿನ್ ಒಡೆಯುವುದು ಪೆದ್ದರ ಕೆಲಸ. ಒಡೆದರೆ ಇನ್ನೊಂದು ಬರುತ್ತದೆ. ಅದರ ಮೇಲಿನ ನಂಬಿಕೆ ಮುರಿಯಬೇಕು. ಹೋದ ಗಂಟೆಲ್ಲ ತಪ್ಪು ಮನೆಗೆ ಹೋಗಬೇಕು, ಅದೂ ಒಂದೇ ದಿನ. ಹತ್ತಾರು ಮನೆಯವರು ಒಟ್ಟಿಗೆ ಬಂದು ಕೂಗಾಡಿದರೆ ಅಕ್ಕ ತಡೆದುಕೊಳ್ಳುವವಳಲ್ಲ. ಮರ್ಯಾದೆ ಎಂದರೆ ಪ್ರಾಣ ಬಿಡುವ ಹೆಂಗಸು, ಮಷಿನ್ ಕಿತ್ತು ಹೊರಗಿಡುತ್ತಾಳೆ. ಆಮೇಲೆ ಕೌಂಟರಿಗೆ ಯಾರು ಬೇಕು? ಇವನೇ ಬೇಕು.

ಸೂಕ್ಷ್ಮಗಳನ್ನೆಲ್ಲ ಅವನು ಬೆಣ್ಣೆಯಿಂದ ಕೂದಲು ತೆಗೆದಷ್ಟು ನಾಜೂಕಾಗಿ ಬಿಡಿಸಿಟ್ಟುಕೊಂಡ. ಕ್ಯಾಮೆರಾ ನೋಡುವುದು ಕೌಂಟರನ್ನು ಮಾತ್ರ. ಗಂಟು ಕಟ್ಟುವುದು ಹಿಂದಿನ ಕೋಣೆಯಲ್ಲಿ. ಅಲ್ಲಿ ಇಸ್ತ್ರಿಯಾದ ಬಟ್ಟೆಗಳನ್ನು ಕಂದು ಕಾಗದದಲ್ಲಿ ಸುತ್ತಿ ವಿಳಾಸದ ಚೀಟಿ ಅಂಟಿಸುತ್ತಾರೆ. ಸುತ್ತಿದ ಮೇಲೆ ವಕೀಲರ ಕೋಟೂ ಒಂದೇ, ಮಗುವಿನ ಹೊದಿಕೆಯೂ ಒಂದೇ. ಚೀಟಿ ಕಿತ್ತರೆ ಕಾಗದ ಹರಿಯುತ್ತದೆ, ನಿಜ. ಆದರೆ ಹಬೆ ಇಸ್ತ್ರಿಯ ಮೂತಿಯನ್ನು ಚೀಟಿಯ ಮೇಲೆ ಸ್ವಲ್ಪ ಹೊತ್ತು ಹಿಡಿದರೆ ಅಂಟು ಸಡಿಲವಾಗಿ, ಹಾಲಿನ ಕೆನೆಯಂತೆ ಎದ್ದು ಬರುತ್ತದೆ. ಬಿಸಿ ಆರುವ ಮೊದಲೇ ಇನ್ನೊಂದರ ಮೇಲೆ ಒತ್ತಿದರೆ ಹುಟ್ಟಿದಾಗಿನಿಂದ ಅಲ್ಲೇ ಇದ್ದ ಹಾಗೆ ಕೂರುತ್ತದೆ. ಮಧ್ಯಾಹ್ನ ಊಟಕ್ಕೆ ಎಲ್ಲರೂ ಮಹಡಿಗೆ ಹೋಗುತ್ತಾರೆ. ಅಂಗಡಿ ನೋಡಿಕೊಳ್ಳಲು ಕೆಳಗೆ ಉಳಿಯುವವನು ಯಾರು? ಕುರ್ಚಿಯಲ್ಲಿ ಕೂತವನು. ಅವನನ್ನು ಅಲ್ಲಿ ಕೂರಿಸಿದವರು ಅವರೇ.

ವ್ಯಾನ್ ಓಡಿಸುವವನು ಹೊಸಬ. ಕಿವಿಯಲ್ಲಿ ಹಾಡು ಸಿಕ್ಕಿಸಿಕೊಂಡು, ಚೀಟಿಯನ್ನು ಫೋನಿಗೆ ತೋರಿಸಿ, ಫೋನ್ ತೋರಿಸಿದ ಬಾಗಿಲು ತಟ್ಟಿ ಬರುವವನು. ಅವನಿಗೆ ಯಾರ ಮುಖದ ಪರಿಚಯವೂ ಇಲ್ಲ. ಇನ್ನು ಚೀಟಿಯ ಮೇಲೆ ಇವನ ಅಕ್ಷರ ಒಂದೂ ಇಲ್ಲ. ಎಲ್ಲ ಮಷಿನ್ನೇ ಅಚ್ಚು ಹಾಕಿದ್ದು. ಮಷಿನ್ ತಂದುಕೊಟ್ಟ ಕಂಪನಿಯವರು ಬಂದು ನಮ್ಮದು ಸರಿಯಾಗೇ ಇದೆ ಎನ್ನುತ್ತಾರೆ. ಅನ್ನಲಿ. ಮಾರಿದವರು ಇನ್ನೇನು ಹೇಳುತ್ತಾರೆ?

ಯಾರಿಗೂ ಮೈಗೆ ಪೆಟ್ಟಾಗುವಂಥದ್ದಲ್ಲ, ಬಟ್ಟೆ ತಾನೇ, ಎರಡು ದಿನದಲ್ಲಿ ತಿರುಗಿ ಬರುತ್ತದೆ ಎಂದು ಅವನು ಮನಸ್ಸಿಗೆ ಸಮಾಧಾನ ಹೇಳಿದ. ಹುಡುಗಿಯ ವಿಷಯ ಬಂದಾಗ ಮಾತ್ರ ಮನಸ್ಸು ಮುಖ ತಿರುಗಿಸುತ್ತಿತ್ತು. ಅವಳಿಗಿನ್ನೂ ಚಿಕ್ಕ ವಯಸ್ಸು, ಬೇರೇನಾದರೂ ಮಾಡಿಕೊಳ್ಳುತ್ತಾಳೆ. ನನಗೆ ಈ ವಯಸ್ಸಿನಲ್ಲಿ ಬೇರೇನಿದೆ? ಹಾಗಂದುಕೊಂಡಾಗಲೆಲ್ಲ ಅವನಿಗೆ ತನ್ನ ಮೇಲೆ ಅಸಹ್ಯವಾಗುತ್ತಿತ್ತು. ಅಸಹ್ಯವಾದರೂ ಯೋಜನೆ ಬಿಡಲಿಲ್ಲ.

ಗೊತ್ತು ಮಾಡಿಕೊಂಡ ದಿನ ಬೆಳಿಗ್ಗೆ ಅಂಗಡಿಗೆ ಬರುತ್ತಿದ್ದವನನ್ನು ನರ್ಸಮ್ಮ ಬಸ್ ನಿಲ್ದಾಣದ ಹತ್ತಿರ ತಡೆದಳು. ಹಳೆಯ ಗಿರಾಕಿ. ಅವಳ ಬಿಳಿ ಯೂನಿಫಾರ್ಮಿನ ಅಯೋಡಿನ್ ಕಲೆ ತೆಗೆಯುವುದರಲ್ಲಿ ಇವನು ಎತ್ತಿದ ಕೈ. ಅವತ್ತು ಅವಳ ಕಣ್ಣು ಊದಿಕೊಂಡಿತ್ತು. ಗಂಡನ ಮನೆ ಬಿಟ್ಟು ಬಂದಿದ್ದೇನೆ, ಹಾಡಿನ ಟೀಚರ್ ಮನೆಯ ಮಹಡಿ ಮೇಲಿದ್ದೇನೆ, ನಾಳೆಯೇ ಬೇರೆ ಆಸ್ಪತ್ರೆಗೆ ಸೇರಬೇಕು ಎಂದಳು. ಅಕ್ಕಪಕ್ಕ ನೋಡಿ ದನಿ ತಗ್ಗಿಸಿದಳು.

"ಯೂನಿಫಾರ್ಮ್ ಹಳೇ ಮನೆಗೆ ಹೋಗೋದು ಬೇಡ ಮಾಮ. ನಿಮ್ಮ ಮಷಿನ್‌ಗೆ ಹೇಳೋಕೂ ಭಯ, ವಿಳಾಸ ಬದಲಾಯಿಸಿದ್ರೆ ಮೆಸೇಜ್ ಅವರ ಫೋನಿಗೇ ಹೋಗುತ್ತೆ. ಟೀಚರ್ ಹೆಸರಲ್ಲೇ ಕಳಿಸಿಬಿಡಿ. ಯಾರಿಗೂ ಹೇಳಬೇಡಿ."

"ನಾನಿದೀನಲ್ಲ, ಯೋಚನೆ ಮಾಡಬೇಡಮ್ಮ," ಅಂದ ಅವನು.

ನಾನಿದೀನಲ್ಲ ಎನ್ನುವ ಮಾತು ಬಾಯಿಂದ ಬಂದು ಎಷ್ಟು ದಿನವಾಗಿತ್ತೋ! ಎದೆ ಇಷ್ಟಗಲವಾಯಿತು. ನೋಡಿ, ಮಷಿನ್‌ಗೆ ಹೇಳಲಾಗದ ಮಾತುಗಳು ಮನುಷ್ಯರಿಗೆ ಎಷ್ಟಿರುತ್ತವೆ ಎಂದು ತನ್ನಲ್ಲೇ ವಾದ ಹೂಡಿ, ತಾನೇ ಗೆದ್ದ. ಯಾರ ಹೆಸರನ್ನೂ ಎತ್ತದೆ ಆ ವಾದವನ್ನೇ ಹುಡುಗಿಯ ಮುಂದೆ ಇಟ್ಟಿದ್ದರೆ ಅವಳು ಕಿವಿಗೊಟ್ಟು ಕೇಳುತ್ತಿದ್ದಳೇನೋ. ಅವನು ಇಡಲಿಲ್ಲ. ಯೋಜನೆ ಅಷ್ಟು ಚೆನ್ನಾಗಿ ಕೂಡಿಬಂದಿತ್ತು, ಬಿಡಲು ಮನಸ್ಸಾಗಲಿಲ್ಲ.

ಮಧ್ಯಾಹ್ನ ಮೇಲಿನಿಂದ ತಟ್ಟೆ ಲೋಟಗಳ ಸದ್ದು ಕೇಳಿದ ಕೂಡಲೇ ಹಿಂದಿನ ಕೋಣೆಗೆ ಹೋದ. ಗಂಟುಗಳು ಗೋಡೆಗೆ ಒರಗಿ ಸಾಲಾಗಿ ಕೂತಿದ್ದವು. ಹಬೆ ಇಸ್ತ್ರಿ ಇನ್ನೂ ಬಿಸಿಯಾಗಿತ್ತು. ವಕೀಲರ ಚೀಟಿ ಎದ್ದು ಡಾನ್ಸ್ ಶಾಲೆಯ ಫ್ರಾಕುಗಳ ಮೇಲೆ ಕೂತಿತು. ಡಾನ್ಸ್ ಶಾಲೆಯದ್ದು ಮುದುಕರೊಬ್ಬರ ಪಾಯಿಜಾಮದ ಮೇಲೆ. ಕೈ ತಾನಾಗಿ ಓಡುತ್ತಿತ್ತು. ತಿಂಗಳುಗಟ್ಟಲೆ ಕೆಲಸವಿಲ್ಲದ ಕೈಗೆ ಕೆಲಸ ಸಿಕ್ಕಿದ ಖುಷಿ ಬೇರೆ. ಅದು ಎಂಥ ಕೆಲಸವೆಂದು ನೆನೆದಾಗ ಕಿವಿ ಬೆಚ್ಚಗಾಯಿತು.

ನರ್ಸಮ್ಮನ ಗಂಟಿನ ಹತ್ತಿರ ಬಂದಾಗ ಕೈ ನಿಂತಿತು. ಇವಳನ್ನು ಈ ಆಟಕ್ಕೆ ಎಳೆಯಬಾರದು. ಹಾಡಿನ ಟೀಚರ್ ಕೊಟ್ಟಿದ್ದ ಪರದೆಗಳೂ ಅವತ್ತೇ ಸಿದ್ಧವಾಗಿದ್ದವು. ಆ ಚೀಟಿ ಎಬ್ಬಿಸಿ ನರ್ಸಮ್ಮನ ಗಂಟಿಗೆ ಹಚ್ಚಿದ. ನರ್ಸಮ್ಮನ ಹಳೇ ವಿಳಾಸ ಹೋಟೆಲಿನ ಮೇಜುಬಟ್ಟೆಗಳ ಪಾಲಾಯಿತು. ಹಳೇ ಮನೆಗೆ ಏನು ಹೋದರೂ ಅದು ಅವಳದಲ್ಲ, ಅವಳು ಎಲ್ಲಿದ್ದಾಳೆಂದು ಅದರಿಂದ ತಿಳಿಯುವುದಿಲ್ಲ. ನೋಡುವವರಿಗೆ ಇದೂ ಇನ್ನೊಂದು ಅದಲುಬದಲು, ಅಷ್ಟೇ. ಎಲ್ಲ ಕೆಡಿಸುತ್ತಾ ಒಂದನ್ನಾದರೂ ಸರಿ ಮಾಡಿದೆ ಎಂದು ಅವನಿಗೆ ಒಂದು ಗಳಿಗೆ ಹಗುರವೆನಿಸಿತು. ವ್ಯಾನ್ ಬಂತು, ತುಂಬಿಸಿಕೊಂಡಿತು, ಹೋಯಿತು. ಅವನು ಕುರ್ಚಿಗೆ ಮರಳಿ ದಿಂಬಿಗೆ ಒರಗಿದ.

ಅಂದುಕೊಂಡದ್ದಕ್ಕಿಂತ ಬೇಗ ಶುರುವಾಯಿತು. ಮೊದಲು ಫೋನುಗಳು. ಎಐ ಎಲ್ಲರಿಗೂ ಅದೇ ಜೇನು ದನಿಯಲ್ಲಿ ನಿಮ್ಮ ಬಟ್ಟೆ ತಲುಪಿದೆ, ಸಂತೋಷ ಎಂದಿತು. ಅದಕ್ಕೇ ಜನ ಇನ್ನಷ್ಟು ಉರಿದುಬಿದ್ದರು. ಆಮೇಲೆ ಜನರೇ ಬಂದರು. ವಕೀಲರು ಮಿನುಗುವ ಫ್ರಾಕನ್ನು ಎರಡು ಬೆರಳಲ್ಲಿ ಎತ್ತಿ ಹಿಡಿದು, ನಾಳೆ ಇದನ್ನು ಹಾಕಿಕೊಂಡು ಕೋರ್ಟಿಗೆ ಹೋಗಲೇನಮ್ಮ ಎಂದು ಕೇಳಿದರು. ಬೇರೆ ದಿನವಾಗಿದ್ದರೆ ಚೀಟಿ ಮಾಮ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದ. ಹೋಟೆಲಿನ ಮ್ಯಾನೇಜರ್ ನಗುವ ಪೈಕಿ ಅಲ್ಲ. ಮಗುವಿನ ಹೊದಿಕೆಯ ಗಂಟನ್ನು ಕೌಂಟರಿನ ಮೇಲೆ ಎಸೆದ. ಅದು ಜಾರಿ ಹುಡುಗಿಯ ಎದೆಗೆ ಬಡಿಯಿತು. ಅವಳು ಅದನ್ನು ತಬ್ಬಿ ಹಿಡಿದುಕೊಂಡೇ ತಪ್ಪಾಯ್ತು ಸಾರ್, ತಪ್ಪಾಯ್ತು ಎನ್ನುತ್ತಿದ್ದಳು.

ಅವನು ಎದ್ದು ನಿಂತ. ಎದ್ದವನಿಗೆ ಏನು ಮಾಡಬೇಕೆಂದು ತಿಳಿಯಲಿಲ್ಲ. ನಾನು, ಎಂದು ಬಾಯಿ ತೆರೆದ. ಹುಡುಗಿ ತಿರುಗಿ ನೋಡಿದಳು. ಅವಳ ಮೂಗಿನ ತುದಿ ಚಿಕ್ಕವಳಿದ್ದಾಗ ಅತ್ತಾಗ ಆಗುತ್ತಿದ್ದ ಹಾಗೆಯೇ ಕೆಂಪಾಗಿತ್ತು. ನಾನು ಒಳಗಿಂದ ನೀರು ತರ್ತೀನಿ, ಎಂದು ಮಾತು ಮುಗಿಸಿದ. ನೆಲ ಬಾಯಿಬಿಟ್ಟಿದ್ದರೆ ಖಂಡಿತ ಇಳಿದುಹೋಗುತ್ತಿದ್ದ. ಅದು ಬಿಡಲಿಲ್ಲವಾದ್ದರಿಂದ ನೀರು ತಂದ.

ಸಂಜೆ ಅಕ್ಕ ಮಹಡಿಯಿಂದ ಇಳಿದು ಬಂದು, ಯಾರನ್ನೂ ಬೈಯದೆ, ಎಐಯ ಪ್ಲಗ್ ಕಿತ್ತಳು. ಫೋನನ್ನು ಮೊದಲಿದ್ದ ಜಾಗದಲ್ಲಿಟ್ಟಳು. ಎಲ್ಲವೂ ಅವನು ಬರೆದಿಟ್ಟ ಹಾಗೆಯೇ ನಡೆಯುತ್ತಿತ್ತು. ನಾಳೆಯಿಂದ ನೀನೇ ನಿಂತ್ಕೊಳ್ಳಪ್ಪ ಎಂದು ಅವಳು ಇವನಿಗೆ ಹೇಳಿದಳು. ಇಷ್ಟು ದಿನ ಕೇಳಬೇಕೆಂದು ಬಯಸಿದ್ದ ಮಾತು ಕಿವಿಗೆ ಬಿದ್ದಾಗ ಅವನು ಹೂಂ ಎಂದಷ್ಟೇ ಅಂದ. ಹುಡುಗಿ ಕೀಲಿಗೊಂಚಲನ್ನು ಅಮ್ಮನ ಮುಂದೆ ಇಟ್ಟು, ನಾನು ಕೊಟ್ಟ ಮಾತು ಮಾತೇ, ಇನ್ನು ಅಂಗಡಿಗೆ ಬರುವುದಿಲ್ಲ ಎಂದಳು. ಆಮೇಲೆ ಇವನ ಹತ್ತಿರ ಬಂದು ಕುರ್ಚಿಯ ಕೈ ಹಿಡಿದು ನಿಂತಳು.

"ನಿನ್ನನ್ನ ಒಂದು ಮಾತು ಕೇಳಬೇಕಿತ್ತು ಮಾಮ. ಕೇಳದೇ ಮೂಲೇಲಿ ಕೂರಿಸ್ಬಿಟ್ಟೆ. ಬೇಜಾರು ಮಾಡ್ಕೋಬೇಡ."

ಅವನು ತಲೆಯಾಡಿಸಿದ. ಈಗ ಹೇಳಬೇಕು, ಈಗಲೇ ಹೇಳಿಬಿಡಬೇಕು ಎಂದು ನಾಲಿಗೆಯ ತುದಿಯವರೆಗೆ ಬಂದದ್ದನ್ನು ಉಗುಳಿನೊಂದಿಗೆ ನುಂಗಿದ. ಹೇಳಿದರೆ ಅವಳು ಉಳಿಯುತ್ತಾಳೆ, ತಾನು ಉಳಿಯುವುದಿಲ್ಲ. ಇನ್ನು ಸ್ವಲ್ಪ ದಿನ, ಎಲ್ಲ ತಣ್ಣಗಾದ ಮೇಲೆ ತಾನೇ ಅಕ್ಕನಿಗೆ ಹೇಳಿ ಹುಡುಗಿಯನ್ನು ವಾಪಸ್ ಕರೆಸಿದರಾಯಿತು. ಹೇಗೂ ಯಾರಿಗೂ ಎಳ್ಳಷ್ಟೂ ಅನುಮಾನವಿಲ್ಲ. ಬೈಗುಳಗಳ ಒಂದು ಮಾತೂ ಅವನ ಕಡೆ ತಿರುಗಿರಲಿಲ್ಲ.

ಆಗ ಫೋನ್ ಬಂತು. ಎಐ ಇದ್ದಿದ್ದರೆ ಎತ್ತಿ, ಸಂತೋಷ ಎಂದು ಇಟ್ಟುಬಿಡುತ್ತಿತ್ತು. ಅದರ ಪ್ಲಗ್ ಕಿತ್ತಿದ್ದರಿಂದ ಅಕ್ಕನೇ ಎತ್ತಬೇಕಾಯಿತು. ಇನ್ನೊಂದು ಬೈಗುಳವೆಂದು ತಿಳಿದು, ಮಗಳೂ ಕೇಳಲಿ ಎಂದು ಸ್ಪೀಕರ್ ಹಾಕಿ, ತಪ್ಪಾಯ್ತು ಎಂದೇ ಮಾತು ಶುರು ಮಾಡಿದಳು. "ಬೈಯೋಕಲ್ಲ ಅಕ್ಕ, ಥ್ಯಾಂಕ್ಸ್ ಹೇಳೋಕೆ ಮಾಡಿದೆ," ಎಂದಿತು ನರ್ಸಮ್ಮನ ದನಿ. "ಯೂನಿಫಾರ್ಮ್ ಸರಿಯಾಗಿ ಬಂತು. ಚೀಟಿ ಮಾಮನಿಗೆ ಬೆಳಿಗ್ಗೆ ರೋಡಲ್ಲಿ ಹೇಳಿದ್ದೆ, ಮಷಿನ್‌ಗೆ ಗೊತ್ತಾಗಬಾರದು ಅಂತ. ಪಾಪ, ಪರದೆ ಅಂತ ಅಚ್ಚಾಗಿದ್ದ ಟೀಚರ್ ಚೀಟಿ ಬಿಡಿಸಿ ನನ್ನ ಗಂಟಿಗೆ ಅವರೇ ಅಂಟಿಸಿ ಕಳಿಸಿದಾರೆ." ಅಕ್ಕ ಫೋನ್ ಕೆಳಗಿಟ್ಟಳು. ಬೈಯಲು ಬರುವವರನ್ನೆಲ್ಲ ಅವನು ಮೊದಲೇ ಲೆಕ್ಕ ಹಾಕಿ ಒಬ್ಬೊಬ್ಬರಿಗೂ ಉತ್ತರ ಸಿದ್ಧ ಮಾಡಿಕೊಂಡಿದ್ದ. ಉಪಕಾರ ನೆನೆದು ಒಬ್ಬಳು ಫೋನ್ ಮಾಡಿಯಾಳು ಎಂಬುದು ಮಾತ್ರ ಅವನಿಗೆ ಹೊಳೆದಿರಲಿಲ್ಲ. ಹುಡುಗಿ ಕುರ್ಚಿಯ ಕೈಯಿಂದ ತನ್ನ ಕೈ ತೆಗೆದಳು. "ಮಾಮ," ಎಂದಳು ಮೆಲ್ಲಗೆ, "ಮಿಕ್ಕ ಚೀಟಿಗಳು?"