ಅರವತ್ತನಾಲ್ಕಕ್ಕೆ ನಿಂತ ಅಪ್‌ಡೇಟ್

ಪಂಡಿತ ಮೆಟ್ಟಿಲ ಬಳಿ ಒಮ್ಮೆ ಕೆಮ್ಮಿದರೆ ಸಾಕು, ಹನ್ನೊಂದು ವರ್ಷದಿಂದ ಸತ್ತು ಬಿದ್ದಿದ್ದ ಕಂಪ್ಯೂಟರು ಮೂರನೆಯ ಮಹಡಿಯಲ್ಲಿ ಎದ್ದು ಕೂರುತ್ತಿತ್ತು. ಅವನ ಹೆಸರು ಕೇಳಿದ ವೈರಸ್ಸುಗಳು ತಮ್ಮನ್ನು ತಾವೇ ಅಳಿಸಿಕೊಂಡು ಹೋಗುತ್ತಿದ್ದವು. ಸೇತುವೆಗಳ ನಕ್ಷೆ ಬರೆಯುವ ಆ ಪುಟ್ಟ ಕಚೇರಿ ಇಂಥ ಮಹಾಪುರುಷನಿಗೆ ಕೊಟ್ಟದ್ದೇನು? ಕಾಲು ಕುಂಟುವ ಒಂದು ಕುರ್ಚಿ, ಕಿವಿಯ ಮೇಲೆ ಸಿಕ್ಕಿಸಿಕೊಳ್ಳಲು ಒಂದು ಕೆಂಪು ಪೆನ್ಸಿಲ್. ಖಾಲಿ ಬಿದ್ದಿದ್ದ, ಕಿಟಕಿಯಿದ್ದ ಮುಖ್ಯ ನಕ್ಷೆಗಾರರ ಕೋಣೆ ಮಾತ್ರ ಅಕ್ಕನ ಪಾಲಾಗುವುದರಲ್ಲಿತ್ತು.

ಅಕ್ಕ ಎಂದರೆ ಅಲ್ಲಿನ ಹಿರಿಯ ನಕ್ಷೆಗಾರ್ತಿ. ನಿವೃತ್ತಿಗೆ ಎರಡೇ ವರ್ಷ. ಮೂರು ತಿಂಗಳು ಕೂತು ಬರೆದ ಆಕೆಯ ಕಾಲುಸೇತುವೆಯ ನಕ್ಷೆ ಆ ದಿನ ನಾಲ್ಕು ಗಂಟೆಯೊಳಗೆ ಹೋಗಬೇಕಿತ್ತು. ಹೋದರೆ ಕೋಣೆ ಆಕೆಗೆ. ಏನಾದರೂ ಎಡವಟ್ಟಾದರೆ ಪಂಡಿತ ಬರೆದ ನಕ್ಷೆ ಹೋಗಲಿ, ಕೋಣೆಯೂ ಅವನಿಗೇ ಇರಲಿ ಎಂದು ಕಚೇರಿಯ ಯಜಮಾನರು ಹೇಳಿಬಿಟ್ಟಿದ್ದರು. ಆ ‘ಎಡವಟ್ಟು’ ಎಂಬ ಮಾತು ಪಂಡಿತನ ತಲೆಯೊಳಗೆ ಹೊಕ್ಕು ಮನೆ ಮಾಡಿಕೊಂಡಿತು.

ಕೊಲೆಗೆ ಚಾಕು ಬೇಕು, ಕಳ್ಳತನಕ್ಕೆ ಕತ್ತಲೆ ಬೇಕು. ಇದಕ್ಕೆ ಒಂದು ಅಪ್‌ಡೇಟ್ ಸಾಕಾಗಿತ್ತು. ಪರದೆಯ ಮೇಲೆ ಗುಂಡಗೆ ಸುತ್ತುವ ಚುಕ್ಕಿಗಳನ್ನು ಗಂಟೆಗಟ್ಟಲೆ ನೋಡಿ ಶಪಿಸದವರು ಯಾರಿದ್ದಾರೆ? ಅದರ ತಲೆಗೆ ಯಾವ ಪಾಪ ಕಟ್ಟಿದರೂ ಜನ ನಂಬುತ್ತಾರೆ. ಕೋಳ ತೊಡಿಸೋಣವೆಂದರೆ ಅದಕ್ಕೆ ಕೈಯೂ ಇಲ್ಲ. ಕಚೇರಿಯ ಕಂಪ್ಯೂಟರುಗಳ ಆರೈಕೆ ಪಂಡಿತನದೇ. ಊಟದ ಹೊತ್ತಿಗೆ ಅಕ್ಕನ ಕಂಪ್ಯೂಟರಿಗೆ ಅಪ್‌ಡೇಟ್ ಹಾಕುವುದು, ಎಲ್ಲರೂ ಹೊರಗೆ ಹೋದಾಗ ನಕ್ಷೆ ಅಳಿಸುವುದು, ಅರವತ್ತನಾಲ್ಕು ಪರ್ಸೆಂಟಿಗೆ ನಿಂತು ಎಲ್ಲವನ್ನೂ ನುಂಗಿತು ಎಂದು ತಲೆಯ ಮೇಲೆ ಕೈ ಹೊತ್ತು ಕೂರುವುದು. ಆ ಅಂಕಿಯನ್ನು ಅವನು ಒಂದು ವಾರ ತೂಗಿ ಆರಿಸಿದ್ದ. ಐವತ್ತು ಎಂದರೆ ಕಟ್ಟುಕತೆ ಅನಿಸುತ್ತದೆ, ತೊಂಬತ್ತೊಂಬತ್ತು ಎಂದರೆ ನಾಟಕ. ಅರವತ್ತನಾಲ್ಕರ ಮುಖದಲ್ಲೇ ಒಂದು ಪ್ರಾಮಾಣಿಕತೆ ಇದೆ.

ಉಳಿದದ್ದು ಬೀರುವಿನಲ್ಲಿದ್ದ ಪೆನ್‌ಡ್ರೈವ್. ನಕ್ಷೆಯ ಒಂದೇ ನಕಲು. ಅದನ್ನು ಬೆಳಗ್ಗೆಯೇ ಜೇಬಿಗಿಳಿಸಿದ. ಮುರಿದು ಚರಂಡಿಗೆ ಎಸೆಯಲೆಂದು ಎರಡು ಸಲ ಬಾಗಿಲವರೆಗೂ ಹೋದ. ಕೈ ಬರಲಿಲ್ಲ. ಅವನು ಕೆಲಸಕ್ಕೆ ಸೇರಿದ ಹೊಸತರಲ್ಲಿ ಒಂದು ಕಂಬವನ್ನು ಎಲ್ಲೋ ನಿಲ್ಲಿಸಿ ಬರೆದಿದ್ದಾಗ, ಯಜಮಾನರ ಮುಂದೆ ಅದು ತನ್ನದೇ ತಪ್ಪು ಎಂದವಳು ಅಕ್ಕ.

ಹನ್ನೆರಡೂವರೆಗೆ ಅಪ್‌ಡೇಟ್ ಹಾಕಿದ.

“ಇವತ್ತೇ ಬೇಕೇನೋ ಇದು?” ಎಂದಳು ಅಕ್ಕ.

“ಈಗ ಮುಗಿಸ್ಲಿಲ್ಲ ಅಂದ್ರೆ ನೀವು ನಕ್ಷೆ ಕಳಿಸೋ ಹೊತ್ತಿಗೆ ಅದೇ ಶುರು ಹಚ್ಕೊಳ್ಳುತ್ತೆ ಅಕ್ಕಾ. ಆಗೇನ್ ಮಾಡ್ತೀರಾ?”

ಆ ಕಚೇರಿಯಲ್ಲಿ ಒಂದು ರೂಢಿಯಿತ್ತು. ಅಪ್‌ಡೇಟ್ ಶುರುವಾದೊಡನೆ, ಅದು ಮುಗಿಯುವ ಹೊತ್ತನ್ನು ಊಹಿಸಿ ಎಲ್ಲರೂ ಗೋಡೆಯ ಕ್ಯಾಲೆಂಡರಿನಲ್ಲಿ ಬರೆಯುವುದು. ಮುಗಿದದ್ದನ್ನು ಕಂಡವರು ಗೆದ್ದ ಹೊತ್ತಿಗೆ ಕೆಂಪು ಸುತ್ತು ಹಾಕುವುದು. ಸೋತವರು ಗೆದ್ದವರಿಗೆ ಚಹಾ ಕುಡಿಸುವುದು.

“ನಂದು ನಾಳೆ ಬೆಳಗ್ಗೆ ಅಂತ ಬರ್ಕೊಳ್ರಪ್ಪಾ,” ಎಂದ ಅಳತೆ ಹಿಡಿಯುವವನು, ಟೇಪು ಸುತ್ತುತ್ತ.

“ಒಂದೂ ಹತ್ತು,” ಎಂದ ಪಂಡಿತ.

“ಏಳು ವರ್ಷದಲ್ಲಿ ಒಂದ್ಸಲಾನೂ ಗೆದ್ದಿಲ್ಲ. ಜಂಬಕ್ಕೇನೂ ಕಮ್ಮಿ ಇಲ್ಲ ನೋಡು!”

“ಅವನನ್ನ ಯಾಕೋ ಕಾಡ್ತೀಯ?” ಎಂದು ಅಕ್ಕ ಊಟದ ಡಬ್ಬಿ ಎತ್ತಿಕೊಂಡಳು. “ಪಂಡಿತಾ, ನೀನು ಪಕ್ಕದಲ್ಲಿದ್ದೀಯಲ್ಲ, ನಂಗೆ ಧೈರ್ಯ ಕಣೋ.”

ಅವನು ಪರದೆಯತ್ತ ತಿರುಗಿ ಕೂತ.

ಎಂದೂ ನೆಟ್ಟಗೆ ಮುಗಿಯದ ಅಪ್‌ಡೇಟ್ ಅಂದು ಬೆಣ್ಣೆಯಲ್ಲಿ ಕೂದಲು ತೆಗೆದಂತೆ ಸಾಗಿತು. ಅರವತ್ತನಾಲ್ಕರಲ್ಲಿ ರೆಪ್ಪೆ ಬಡಿಯುವಷ್ಟು ಹೊತ್ತೂ ನಿಲ್ಲಲಿಲ್ಲ. ಕರಾರುವಾಕ್ಕಾಗಿ ಒಂದೂ ಹತ್ತಕ್ಕೆ ನೂರು! ಪಂಡಿತನ ಎದೆ ಎಷ್ಟು ಉಬ್ಬಿತೆಂದರೆ ಅಂಗಿಯ ಗುಂಡಿ ಹಾರಿ ಬಾಗಿಲಾಚೆ ಬಿತ್ತು. ತಾನು ಯಾಕೆ ಕೂತಿದ್ದೇನೆ ಎಂಬುದನ್ನೇ ಮರೆತು ಕೋಣೆ ತುಂಬ ಕುಣಿದಾಡಿದ. ಆಮೇಲೆ ನೆನಪಾಯಿತು. ಬಂದು ಕೂತ. ಕಣ್ಣು ಮುಚ್ಚಿ ನಕ್ಷೆ ಅಳಿಸಿದ.

ಎಲ್ಲರೂ ಬಂದಾಗ ಮುಖ ಇಳಿಬಿಟ್ಟುಕೊಂಡಿದ್ದ. “ಅರವತ್ತನಾಲ್ಕಕ್ಕೆ ನಿಂತುಬಿಡ್ತು ಅಕ್ಕಾ. ಅರ್ಧ ಗಂಟೆ ಕಾದೆ, ಅಲ್ಲಾಡ್ಲಿಲ್ಲ. ಆಫ್ ಮಾಡಿ ಆನ್ ಮಾಡಿದ್ರೆ ನಕ್ಷೆನೇ ಇಲ್ಲ. ಪೆನ್‌ಡ್ರೈವೂ ಬೀರುವಲ್ಲಿ ಕಾಣ್ತಿಲ್ಲ.”

“ಹಾಳು ಅಪ್‌ಡೇಟು! ನನ್ನ ಮಗಳ ಫೋಟೋನೂ ಹಿಂಗೇ ತಿಂದಿತ್ತು,” ಎಂದ ಅಳತೆಯವನು. ಯಜಮಾನರು ಹಲ್ಲು ಕಡಿದರು. ಲೆಕ್ಕ ಹಾಕಿದಂತೆಯೇ ಎಲ್ಲ ನಡೆದಿತ್ತು, ಅಕ್ಕನೊಬ್ಬಳನ್ನು ಬಿಟ್ಟು. ಆಕೆ ಅಳಲೂ ಇಲ್ಲ, ಬೈಯಲೂ ಇಲ್ಲ. “ಪೆನ್‌ಡ್ರೈವ್ ನಾನೇ ಎಲ್ಲೋ ಇಟ್ಟು ಮರೆತಿರ್ಬೇಕು. ಇವನನ್ನೇನೂ ಅನ್ಬೇಡಿ ಸಾರ್, ಪಾಪ, ಊಟಾನೂ ಬಿಟ್ಟು ಕೂತಿದ್ದ.” ಜೇಬಿನಲ್ಲಿದ್ದದ್ದು ಮಡಿಲಲ್ಲಿ ಕಟ್ಟಿಕೊಂಡ ಕೆಂಡದಂತೆ ಸುಟ್ಟಿತು.

“ಇನ್ನೆರಡು ದಿನ ಸಿಗುತ್ತಾ ಕೇಳೋಣ,” ಎಂದು ಅಕ್ಕ ದಿನ ಎಣಿಸಲು ಕ್ಯಾಲೆಂಡರಿನ ಬಳಿ ಹೋದಳು. ಹೋದವಳು ಅಲ್ಲೇ ನಿಂತಳು. “ಅರವತ್ತನಾಲ್ಕಕ್ಕೆ ನಿಂತದ್ದು ಒಂದೂ ಹತ್ತಕ್ಕೆ ಮುಗಿದದ್ದು ಹೆಂಗೋ ಪಂಡಿತಾ?” ಒಂದೂ ಹತ್ತರ ಸುತ್ತ ದುಂಡನೆಯ ಕೆಂಪು ಸುತ್ತು, ಪಕ್ಕದಲ್ಲಿ ಅವನದೇ ಅಕ್ಷರದಲ್ಲಿ, ‘ಗೆದ್ದೆ!’ ಕುಂಬಳಕಾಯಿ ಕಳ್ಳ ಹೆಗಲು ಮುಟ್ಟಿ ನೋಡಿಕೊಂಡನಂತೆ. ಇವನು ಕಿವಿ ಮುಟ್ಟಿ ನೋಡಿಕೊಂಡ. ಪೆನ್ಸಿಲ್ ಅಲ್ಲೇ ಇತ್ತು. ಇನ್ನು ‘ಇವನು’ ಎಂದು ಎಷ್ಟು ದೂರ ಓಡಲಿ? ಆ ಪಂಡಿತ ನಾನೇ. ನನ್ನ ಕೆಮ್ಮಿಗೆ ಯಾವ ಕಂಪ್ಯೂಟರೂ ಎದ್ದಿಲ್ಲ. ನನಗೆ ಗೊತ್ತಿರುವ ವಿದ್ಯೆ ಆಫ್ ಮಾಡಿ ಆನ್ ಮಾಡುವುದೊಂದೇ. ಪೆನ್‌ಡ್ರೈವ್ ತೆಗೆದು ಮೇಜಿನ ಮೇಲಿಟ್ಟು, ಅಳಿಸಿದ್ದು ನಾನೇ ಎಂದೆ. ನಾಲ್ಕಕ್ಕೆ ಇನ್ನೂ ಎರಡು ಗಂಟೆಯಿತ್ತು; ಅಕ್ಕ ನಕ್ಷೆ ಕಳಿಸಿದಳು. ಆಮೇಲೆ ಒಂದು ಲೋಟ ಚಹಾ ತಂದು ನನ್ನ ಮುಂದಿಟ್ಟು, “ಗೆದ್ದದ್ದು ಗೆದ್ದದ್ದೇ, ಕುಡಿ,” ಎಂದಳು. ಏಳು ವರ್ಷ ಕಾದ ಆ ಚಹಾ ನನ್ನ ಕಣ್ಣೆದುರೇ ಕೆನೆಗಟ್ಟಿ ಆರಿಹೋಯಿತು.